ಮೀಟರ್ ಬೋರ್ಡಿಗೆ ನೀಲಿ ಲೈಟ್ ಹಾಕಿಸೋ ಮುಂಚೆ ಆ ಕೆಂಪು ಬಲ್ಬ್ ಬಗ್ಗೆ ತಿಳ್ಕೊಳ್ಳಿ

ಕಾರಿನ ಮೀಟರ್ ಬೋರ್ಡಿನ ಹಳೇ ಬಲ್ಬ್ ತೆಗೆಸಿ ನೀಲಿ ಎಲ್‌ಇಡಿ ಹಾಕಿಸಬೇಕು ಅಂತ ಯಾರಾದರೂ ಲೆಕ್ಕ ಹಾಕ್ತಿದ್ದರೆ, ಅದರಲ್ಲೂ ಗಾಡಿ ಹದಿನೈದು ವರ್ಷ ದಾಟಿದ್ದಾಗಿದ್ದರೆ, ಇದನ್ನ ಓದಿ ಆಮೇಲೆ ಹೋಗಿ. ನಾನು ಅಂಗಡಿಗೆ ಕೊಟ್ಟಿದ್ದು 1,200 ರೂಪಾಯಿ. ಆಮೇಲೆ ಕೈಬಿಟ್ಟಿದ್ದು ಅದರ ನಾಲ್ಕು ಪಟ್ಟು.

ನಮ್ಮದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು. ಎಂಜಿನ್ ಗಟ್ಟಿ, ಎಸಿ ಸುಮಾರು, ಮೀಟರ್ ಬೆಳಕು ಮಾತ್ರ ಹಸಿರೂ ಅಲ್ಲದ ಹಳದಿಯೂ ಅಲ್ಲದ ಒಂಥರಾ ಗಂಜಿ ಬಣ್ಣ. ಇಷ್ಟು ವರ್ಷ ಅದು ನನಗೆ ಕಂಡೇ ಇರಲಿಲ್ಲ. ಷಡ್ಡಕನ ಹೊಸ ಕಾರಿನಲ್ಲಿ ಒಂದು ರಾತ್ರಿ ಕೂತು ಬಂದ ಮೇಲೆ ಕಾಣೋಕೆ ಶುರುವಾಯ್ತು.

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಸೀಟ್ ಕವರ್, ಹಾರ್ನು, ಮ್ಯಾಟು ಮಾರೋ ಅಂಗಡಿಯೊಂದಕ್ಕೆ ಹೋದೆ. ಹೆಸರು ಬೇಡ. "ಅರ್ಧ ಗಂಟೆ ಕೆಲ್ಸ ಅಣ್ಣಾ, ಏನಾದ್ರೂ ತಿನ್ಕಂಡು ಬರ್ರಿ" ಅಂದ ಹುಡುಗ. ನಾನೂ ಬೆಣ್ಣೆ ದೋಸೆ ತಿನ್ನೋಕೆ ಹೋದೆ. ಪಕ್ಕದಲ್ಲೇ ನಿಂತಿರಬೇಕಿತ್ತು.

ವಾಪಸ್ ಬಂದಾಗ ಬೋರ್ಡು ಸ್ಟೂಲ್ ಮೇಲೆ ಬಿಚ್ಚಿ ಬಿದ್ದಿತ್ತು, ಮುಳ್ಳುಗಳು ಕಿತ್ತು ಬಂದಿದ್ದವು, ಹುಡುಗ ಬ್ಲೇಡ್ ಹಿಡಿದು ಏನೋ ಕೆರೀತಿದ್ದ. ಅಂಕಿ ಇರೋ ಹಾಳೆಯ ಹಿಂಭಾಗಕ್ಕೆ ಕಂಪನಿಯವರೇ ಹಸಿರು ಬಣ್ಣ ಬಳಿದಿರ್ತಾರೆ. ಬಿಳಿ ಬಲ್ಬ್ ಹಾಕಿದರೂ ಹಸಿರು ಕಾಣೋದು ಅದಕ್ಕೇ. ಅದರ ಹಿಂದೆ ನೀಲಿ ಎಲ್‌ಇಡಿ ಇಟ್ಟರೆ ನೀಲಿ ದಾಟಲ್ಲ, ಕೆಸರು ನೀರಿನಂಥ ಬೆಳಕು ಬರುತ್ತೆ. ಹಾಗಾಗಿ ಬಣ್ಣ ಕೆರೆಯಲೇಬೇಕು. ಕೆರೆಯೋಕೆ ಮುಳ್ಳು ಕೀಳಲೇಬೇಕು. ಕಿತ್ತ ಮುಳ್ಳನ್ನ ಅದೇ ಜಾಗಕ್ಕೆ ಕೂರಿಸೋದು ಕಣ್ಣಳತೆಯಲ್ಲಿ ಆಗೋ ಕೆಲಸ ಅಲ್ಲ. ಹುಡುಗ ಕಣ್ಣಳತೆಯಲ್ಲೇ ಕೂರಿಸಿದ. ಈಗ ಮುಳ್ಳು 60 ತೋರಿಸುವಾಗ ಫೋನಿನ ಜಿಪಿಎಸ್ 70 ಅನ್ನುತ್ತೆ.

ಅವತ್ತು ಸಂಜೆ ಮನೆಯವಳನ್ನ ಕೂರಿಸ್ಕೊಂಡು ಒಂದು ಸುತ್ತು ಹೋದೆ. "ಏನ್ರೀ ಇದು, ಬಾರ್ ಒಳಗೆ ಕುಂತಂಗೆ ಐತಿ" ಅಂದಳು. ಬೆಳಕು ಕಮ್ಮಿ ಮಾಡೋಣ ಅಂದರೆ ಹಳೇ ಬಲ್ಬಿಗೆ ಅಂತ ಇದ್ದ ತಿರುಪು ಎಲ್‌ಇಡಿಗೆ ಕೆಲಸ ಮಾಡಲಿಲ್ಲ. ಒಂದೋ ಪೂರ್ತಿ ಉರಿಯುತ್ತೆ, ಇಲ್ಲಾ ಮಿಣಮಿಣ ಅನ್ನುತ್ತೆ. ಕತ್ತಲ ರಸ್ತೆಯಲ್ಲಿ ಆ ನೀಲಿ ಮುಂದಿನ ಗಾಜಿಗೆ ಬಡಿದು ಕಣ್ಣಿಗೆ ರಾಚೋದು. ಇನ್ನೊಂದು ತಮಾಷೆ ಕೇಳಿ. ಹೈಬೀಮ್ ಹಾಕಿದಾಗ ಬರೋ ಗುರುತಿನ ದೀಪ ಮೊದಲಿಂದಲೂ ನೀಲಿ ತಾನೆ? ಈಗ ಎಲ್ಲವೂ ನೀಲಿ. ಹೈಬೀಮ್‌ನಲ್ಲೇ ಹರಿಹರದವರೆಗೂ ಹೋಗಿದ್ದೀನಿ, ಎದುರು ಬಂದವರೆಲ್ಲ ಯಾಕೆ ಲೈಟ್ ಮಿಟುಕಿಸಿ ಬೈತಿದ್ದಾರೆ ಅಂತ ಗೊತ್ತಾಗಲೇ ಇಲ್ಲ.

ಇಷ್ಟೇ ಆಗಿದ್ದರೆ ಬರೀತಿರಲಿಲ್ಲ.

ಮೂರನೇ ದಿನ ಚಿತ್ರದುರ್ಗದಲ್ಲಿ ಒಂದು ಮದುವೆ. ಅರವತ್ತು ಕಿಲೋಮೀಟರ್ ಹಾದಿ, ಬೆಳಿಗ್ಗೆ ಏನೂ ತೊಂದರೆ ಇಲ್ಲದೆ ಮುಟ್ಟಿದೆವು. ರಾತ್ರಿ ಹೊರಡುವಾಗ ಸೆಲ್ಫ್ ಸ್ವಲ್ಪ ಎಳೆದಂಗಾಯ್ತು, ಚಳಿಗೆ ಅಂದ್ಕೊಂಡೆ. ಭರಮಸಾಗರ ದಾಟುವ ಹೊತ್ತಿಗೆ ಹೆಡ್‌ಲೈಟು ಲಾಟೀನಿನ ಹಂಗೆ ಕೆಂಪಗಾಗಿತ್ತು. ಹಾರ್ನ್ ಒತ್ತಿದರೆ ಕರು ಕೂಗಿದಂಗೆ. ಎಂಜಿನ್ ಎರಡು ಸಲ ಜಗ್ಗಿ ಆಫ್ ಆಯ್ತು. ಸಿಕ್ಸ್ ಲೇನ್ ಹೈವೇ, ಹಿಂದಿನ ಸೀಟಿನಲ್ಲಿ ಅವ್ವ, ಹಿಂದಿನಿಂದ ಲಾರಿಗಳು. ನೀಲಿ ಬೆಳಕು ಮಾತ್ರ ಇನ್ನೂ ಮಸುಕಾಗಿ ಉರೀತಾನೇ ಇತ್ತು.

ಢಾಬಾದ ಹುಡುಗರು ಬಂದು ತಳ್ಳಿದರು, ಏಳಲಿಲ್ಲ. ಹಳೇ ಕಾರ್ಬ್ಯುರೇಟರ್ ಗಾಡಿ ಆಗಿದ್ದರೆ ಏನೋ ಎದ್ದಿರೋದು. ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಬೇಕಾದ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಪ್ರಯೋಜನ ಇಲ್ಲ. ಹೈವೇ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ, ಗಸ್ತು ಗಾಡಿಯವರು ಬಂದು ಕಾರನ್ನ ಪಕ್ಕಕ್ಕೆ ಹಾಕಿಸಿ ಕೆಂಪು ಕೋನ್ ಇಟ್ಟರು. ಈ ನಂಬರ್ ಫೋನಿನಲ್ಲಿ ಸೇವ್ ಮಾಡಿಟ್ಕೊಳ್ಳಿ. ಅವ್ವನನ್ನ ಮನೆ ಮುಟ್ಟಿಸೋ ಹೊತ್ತಿಗೆ ರಾತ್ರಿ ಒಂದೂವರೆ.

ಮಾರನೇ ದಿನ ಕಾರನ್ನ ಟೋ ಮಾಡಿಸಿ ಹದಡಿ ರಸ್ತೆಯ ವೈರಿಂಗ್ ಮೇಸ್ತ್ರಿ ಹತ್ರ ತಂದೆ. ವಯಸ್ಸಾದವರು, ಮಾತು ಕಮ್ಮಿ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ಹೋಗಿರಬೇಕು, ಏಳೆಂಟು ಸಾವಿರ ಕೈಬಿಟ್ಟಂಗೇ ಅಂತ ನಾನು ಗಟ್ಟಿ ಮಾಡ್ಕೊಂಡಿದ್ದೆ. ಅವರು ಕೀ ಆನ್ ಮಾಡಿ ಮೀಟರ್ ಬೋರ್ಡನ್ನೇ ನೋಡ್ತಾ ನಿಂತರು.

"ಬ್ಯಾಟ್ರಿ ಚಿತ್ರದ್ದು ಕೆಂಪು ಲೈಟ್ ಎಲ್ಲೈತಿ ಸಾರ್?"

ಇರಲಿಲ್ಲ. ಮೂರು ದಿನದಿಂದ ಹತ್ತೇ ಇರಲಿಲ್ಲ, ನಾನು ಗಮನಿಸಿರಲಿಲ್ಲ. ಹುಡುಗ ಅಲ್ಲಿಗೂ ಎಲ್‌ಇಡಿ ಹಾಕಿದ್ದ, ಅದೂ ಉಲ್ಟಾ. ಮಾಮೂಲಿ ಬಲ್ಬನ್ನ ಹೆಂಗೆ ಸಿಕ್ಕಿಸಿದರೂ ಉರಿಯುತ್ತೆ, ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಉಂಟು.

ನಮ್ಮ ಗಾಡಿಯಂಥ ಹಳೇ ಗಾಡಿಗಳಲ್ಲಿ ಆ ಬಲ್ಬು ಬರೀ ಗುರುತಿನ ದೀಪ ಅಲ್ಲವಂತೆ. ಎಂಜಿನ್ ಏಳುವಾಗ ಡೈನಮೋಗೆ ಮೊದಲ ಕರೆಂಟ್ ಹೋಗೋದು ಆ ಬಲ್ಬಿನ ಮೂಲಕವೇ. ಮೂರು ವ್ಯಾಟಿನ ಬಲ್ಬಿನಲ್ಲಿ ಕಾಲು ಆಂಪಿಯರ್ ಹರಿಯುತ್ತೆ, ಅಷ್ಟು ಸಿಕ್ಕರೆ ಡೈನಮೋ ಚಾರ್ಜ್ ಶುರು ಮಾಡುತ್ತೆ. ಸಣ್ಣ ಎಲ್‌ಇಡಿ ಸರಿಯಾಗಿ ಹಾಕಿದರೂ ಅದರ ಹತ್ತರಲ್ಲಿ ಒಂದು ಪಾಲಿನಷ್ಟೇ ಬಿಡುತ್ತೆ, ಉಲ್ಟಾ ಆದರೆ ಏನೂ ಇಲ್ಲ. "ಕೆಲವು ಡೈನಮೋ ಜೋರಾಗಿ ರೇಸ್ ಮಾಡಿದ್ರೆ ತಾವೇ ಏಳ್ತವೆ, ನಿಮ್ದು ಎದ್ದಿಲ್ಲ" ಅಂದರು. ಅಂದರೆ ಮೂರು ದಿನವೂ ಕಾರು ಓಡಿದ್ದು ಬರೀ ಬ್ಯಾಟರಿ ಮೇಲೆ. ಹಗಲು ಹೇಗೋ ತಡೀತು. ರಾತ್ರಿ ಎರಡು ಹೆಡ್‌ಲೈಟಿಗೇ 110 ವ್ಯಾಟ್, ಒಂಬತ್ತು ಆಂಪಿಯರ್. 35 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಅಷ್ಟು ಹೊತ್ತೂ ಎಚ್ಚರಿಸಬೇಕಾಗಿದ್ದ ದೀಪವೇ ಅದು.

ಬ್ಯಾಟರಿ ಚಾರ್ಜಿಗೆ ಹಾಕಿ, ಸ್ಟಾರ್ಟ್ ಮಾಡಿ, ವೋಲ್ಟ್ ಮೀಟರ್ ಇಟ್ಟು ತೋರಿಸಿದರು: 12.2 ವೋಲ್ಟ್, ಅಂದರೆ ಚಾರ್ಜ್ ಆಗ್ತಿಲ್ಲ. ಆಫ್ ಮಾಡಿ ಇಪ್ಪತ್ತು ರೂಪಾಯಿಯ ಹಳೇ ಮಾದರಿ ಬಲ್ಬ್ ಸಿಕ್ಕಿಸಿ ಮತ್ತೆ ಸ್ಟಾರ್ಟ್ ಮಾಡಿದರು: 14.1, ಚಾರ್ಜ್ ಆಗ್ತಿದೆ. ಡೈನಮೋಗೆ ಏನೂ ಆಗಿರಲಿಲ್ಲ.

ಈಗಾಗಲೇ ಮಾಡಿಸಿದವರು ಇವತ್ತೇ ನೋಡಿ: ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಬ್ಯಾಟರಿ ಚಿತ್ರ, ಆಯಿಲ್ ಚಿತ್ರ ಎರಡೂ ಕೆಂಪಗೆ ಹತ್ತಬೇಕು, ಎಂಜಿನ್ ಎದ್ದ ಮೇಲೆ ಆರಬೇಕು. ಹತ್ತದಿದ್ದರೆ ಊರು ಬಿಡಬೇಡಿ. ಮಾಡಿಸಲೇಬೇಕು ಅನ್ನೋರು ಅಂಕಿಗಳ ಹಿಂದಿನ ಬಲ್ಬ್ ಮಾತ್ರ ಬದಲಿಸಿ ಅಂತ ಹೇಳಿ, ಎಚ್ಚರಿಕೆ ದೀಪದ ಒಂದು ಬಲ್ಬನ್ನೂ ಮುಟ್ಟಿಸಬೇಡಿ, ಮುಳ್ಳು ಕೀಳ್ತೀನಿ ಅಂದರೆ ಬೋರ್ಡ್ ಇಸ್ಕೊಂಡು ಬನ್ನಿ.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ "ಕರೆಂಟ್ ಐಟಂಗೆ ಗ್ಯಾರಂಟಿ ಇರಲ್ಲ ಅಣ್ಣಾ" ಅಂದರು. ಹಳೇ ಬಲ್ಬುಗಳನ್ನ ಕೇಳಿದೆ, ಕಸಕ್ಕೆ ಹಾಕಿದ್ದರು.

ಮೇಸ್ತ್ರಿ ಎಲ್ಲಾ ಕಡೆ ಮಾಮೂಲಿ ಬಲ್ಬ್ ಹಾಕಿಕೊಟ್ಟಿದ್ದಾರೆ. ಬ್ಲೇಡ್ ಗೀರು ಬಿದ್ದ ಕಡೆಯೆಲ್ಲ ಬೆಳಕು ಸೋರುತ್ತೆ, ಮುಳ್ಳು ಇನ್ನೂ ಸುಳ್ಳು ಹೇಳುತ್ತೆ. ಗುಜರಿಯಲ್ಲಿ ಇದೇ ಮಾದರಿಯ ಬೋರ್ಡೊಂದು 1,500ಕ್ಕೆ ಸಿಕ್ಕಿದೆ, ಆದರೆ ಅದರಲ್ಲಿ ಓಡಿರೋದು 43,000 ಕಿಲೋಮೀಟರ್, ನನ್ನ ಕಾರು ಓಡಿರೋದು 1,12,000. ಅದನ್ನ ಹಾಕಿಸಿದರೆ ನಾಳೆ ಕಾರು ಮಾರುವಾಗ ನಾನೇ ಕಳ್ಳ ಆಗ್ತೀನಿ. ಸದ್ಯಕ್ಕೆ ಫೋನ್ ನೋಡ್ಕೊಂಡೇ ಸ್ಪೀಡ್ ಲೆಕ್ಕ ಹಾಕ್ತಿದ್ದೀನಿ.