ಒಂದೇ ಮಲ್ಲಿಗೆ, ಮೂರು ಹೆಣಿಗೆ

ಕಳೆದ ಮಳೆಗಾಲದಲ್ಲಿ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು, ಗ್ರಾಫ್ ಹಾಳೆಯ ಮೇಲೆ 20 ಮನೆ ಅಗಲ, 20 ಮನೆ ಎತ್ತರಕ್ಕೆ ಶಂಕರಪುರ ಮಲ್ಲಿಗೆಯ ಹೂವೊಂದನ್ನು ಅದರ ತೊಟ್ಟಿನ ಸಮೇತ ಬರೆದುಕೊಂಡು, ಅದನ್ನೇ ಸ್ಕ್ವೇರ್, ಪೆಯೋಟಿ ಮತ್ತು ಬ್ರಿಕ್ ಎಂಬ ಮೂರು ಮಣಿ ಹೆಣಿಗೆಗಳಲ್ಲಿ ಮಾಡಿ ನೋಡಿದೆ. ಹೋಲಿಕೆ ನ್ಯಾಯವಾಗಿರಲೆಂದು ಮೂರಕ್ಕೂ 11ರ ಅಳತೆಯ ಮಿಯುಕಿ ಡೆಲಿಕಾ ಎಂಬ ಪುಟ್ಟ ಕೊಳವೆಯಾಕಾರದ ಗಾಜಿನ ಮಣಿ, ಮೇಣ ಸವರಿದ ನೈಲಾನ್ ನೂಲು ಮತ್ತು 12ನೇ ನಂಬರಿನ ಸೂಜಿಯನ್ನೇ ಬಳಸಿದೆ.

ಸ್ಕ್ವೇರ್ ಹೆಣಿಗೆಯಲ್ಲಿ ಮಣಿಗಳು ಒಂದರ ಮೇಲೊಂದು ನೇರವಾಗಿ ಕೂರುವುದರಿಂದ ಕಸೂತಿಯ ಕ್ರಾಸ್ ಸ್ಟಿಚ್ ನಕ್ಷೆಯನ್ನೂ ಇದಕ್ಕೆ ಹಾಗೆಯೇ ಬಳಸಬಹುದು. ಆದರೆ ನನ್ನ ದುಂಡು ಹೂವು ಮೊಟ್ಟೆಯಾಕಾರಕ್ಕೆ ತಿರುಗಿತು. ಡೆಲಿಕಾ ಮಣಿಯ ಉದ್ದ ಸುಮಾರು 1.3 ಮಿ.ಮೀ., ವ್ಯಾಸ 1.6 ಮಿ.ಮೀ.; ಇಲ್ಲಿ ಮಣಿ ಅಡ್ಡಲಾಗಿ ಮಲಗುವುದರಿಂದ 20 ಮಣಿಗಳ ಅಗಲ 26 ಮಿ.ಮೀ. ಆದರೆ 20 ಸಾಲುಗಳ ಎತ್ತರ 32 ಮಿ.ಮೀ. ಆಗುತ್ತದೆ. ಅಗಲವನ್ನು 24 ಮನೆಗೆ ಹಿಗ್ಗಿಸಿ ಬರೆದ ಮೇಲೆ ಹೂವು ದುಂಡಗಾಯಿತು. ಪ್ರತಿ ಮಣಿಗೂ ಸೂಜಿ ಕೆಳಗಿನ ಮಣಿಯನ್ನು ಹೊಕ್ಕು ಮತ್ತೆ ಹೊಸ ಮಣಿಯೊಳಗೆ ಬರಬೇಕಾದ್ದರಿಂದ ಕೆಲಸ ನಿಧಾನ, ನೂಲೂ ಹೆಚ್ಚು ಬೇಕು. ತುಂಡು ಮಾತ್ರ ಬಹಳ ಗಟ್ಟಿ.

ಪೆಯೋಟಿಯಲ್ಲಿ ಹಿಂದಿನ ಸಾಲಿನ ಸಂದುಗಳಿಗೆ ಒಂದೊಂದೇ ಮಣಿ ತುಂಬುತ್ತಾ ಹೋಗುವುದರಿಂದ ಕೈ ಬೇಗ ಸಾಗುತ್ತದೆ. ಇದರಲ್ಲಿ ತೊಟ್ಟು ನೆಟ್ಟಗೆ ನಿಂತಿತು, ಎಸಳುಗಳ ಓರೆ ಅಂಚು ಮೂರರಲ್ಲೇ ಅತ್ಯಂತ ಚೆಲುವಾಗಿ ಬಂತು. ಆದರೆ ಬುಡದಲ್ಲಿ ಎಳೆದಿದ್ದ ಅಡ್ಡಗೆರೆ ಗರಗಸದ ಹಲ್ಲಿನಂತಾಯಿತು. ಕಲಿಯುವವರನ್ನು ಕಾಡುವುದು ಮೊದಲ ಮೂರು ಸಾಲುಗಳು. ಹಿಡಿದುಕೊಳ್ಳಲು ಏನೂ ಇಲ್ಲದೆ ಮಣಿಗಳು ತಿರುಚಿಕೊಳ್ಳುತ್ತವೆ, ಮೇಲು ಯಾವುದು ಕೆಳಗು ಯಾವುದು ಎಂದೇ ತಿಳಿಯುವುದಿಲ್ಲ. ನಾನು ನಾಲ್ಕು ಬಾರಿ ಬಿಚ್ಚಿದ್ದೇನೆ. ನೂಲಿನ ಬಿಗಿತ ತಪ್ಪಿದರೆ ಹೆಚ್ಚು ಸೊರಗುವುದೂ ಇದೇ ಹೆಣಿಗೆ. ನೈಲಾನ್ ತೇವವನ್ನು ಹೀರಿ ಹಿಗ್ಗುವ ನೂಲಾದ್ದರಿಂದ, ನಮ್ಮ ಕರಾವಳಿಯ ಆಷಾಢದಲ್ಲಿ ಬಿಗಿಯಾಗಿ ಮುಗಿಸಿದ ತುಂಡು ವಾರದೊಳಗೆ ಸಡಿಲವಾಯಿತು. ನೀರು ಹೀರದ ಪಾಲಿಥಿಲೀನ್ ಎಳೆಗಳ ಫೈರ್‌ಲೈನ್ ನೂಲಿನಲ್ಲಿ ಮತ್ತೆ ಹೆಣೆದಾಗ ಆ ತೊಂದರೆ ಬರಲಿಲ್ಲ.

ಬ್ರಿಕ್ ಹೆಣಿಗೆ ನಮ್ಮೂರಿನ ಮುರಕಲ್ಲಿನ ಗೋಡೆಯಂತೆಯೇ ಏಳುತ್ತದೆ: ಕೆಳಗಿನ ಎರಡು ಮಣಿಗಳ ನಡುವಿನ ನೂಲಿಗೆ ಸೂಜಿ ಸಿಕ್ಕಿಸಿ ಹೊಸ ಮಣಿಯನ್ನು ಅದರ ಮೇಲೆ ನಿಲ್ಲಿಸುತ್ತೇವೆ. ಏಣಿಯಂತೆ ಜೋಡಿಸಿದ ಮೊದಲ ಸಾಲು ಕೈಗೆ ಗಟ್ಟಿಯಾಗಿ ಸಿಗುವುದರಿಂದ, ಹೊಸಬರು ಪೆಯೋಟಿಯನ್ನು ಬಿಟ್ಟು ಇದರಿಂದಲೇ ಆರಂಭಿಸಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಪ್ರತಿ ಸಾಲನ್ನೂ ಎರಡು ಮಣಿಗಳಿಂದ ಶುರುಮಾಡಿದರೆ ಅಂಚಿನಲ್ಲಿ ನೂಲು ಕಾಣುವುದಿಲ್ಲ. ಸಾಲು ಸಾಲಿಗೆ ಒಂದೊಂದು ಮಣಿ ತಾನಾಗಿ ಕಡಿಮೆಯಾಗುವುದರಿಂದ ಎಸಳಿನ ತುದಿಯೂ ಕಿವಿಯೋಲೆಯ ತ್ರಿಕೋನವೂ ಇದರಲ್ಲಿ ಸುಲಭ. ಆದರೆ ಇಲ್ಲಿ ಅಡ್ಡಗೆರೆ ನೇರವಾಗಿ ಬಂದು ತೊಟ್ಟು ಸೊಟ್ಟಗಾಯಿತು.

ಈ ಅದಲುಬದಲು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಬ್ರಿಕ್ ತುಂಡನ್ನು ಕಾಲು ಸುತ್ತು ತಿರುಗಿಸಿ ಪೆಯೋಟಿಯ ಪಕ್ಕದಲ್ಲಿಟ್ಟಾಗ ಕಾರಣ ಕಣ್ಣಿಗೆ ಬಿತ್ತು: ಎರಡರಲ್ಲೂ ಮಣಿಗಳ ಜೋಡಣೆ ಒಂದೇ, ನೂಲಿನ ದಾರಿ ಮಾತ್ರ ಬೇರೆ. ಹಾಗಾಗಿ ಈಗ ಹೂವಿನ ನಡುಭಾಗವನ್ನು ಪೆಯೋಟಿಯಲ್ಲಿ ಹೆಣೆದು, ಅದರ ಪಕ್ಕದ ಅಂಚುಗಳಲ್ಲಿ ಕಾಣುವ ನೂಲಿಗೇ ಸೂಜಿ ಸಿಕ್ಕಿಸಿ ಎರಡೂ ಬದಿಗೆ ಬ್ರಿಕ್‌ನ ಎಸಳುಗಳನ್ನು ಚೂಪಾಗಿ ಇಳಿಸುತ್ತಿದ್ದೇನೆ. ಹೆಣಿಗೆ ಬದಲಾದ ಜಾಗ ಎಷ್ಟು ಹತ್ತಿರದಿಂದ ನೋಡಿದರೂ ಕಾಣುವುದಿಲ್ಲ.