ಹೋಂಸ್ಕೂಲ್ ಮಕ್ಕಳ ಹತ್ತನೇ ಕ್ಲಾಸ್: ಎಸ್ಸೆಸ್ಸೆಲ್ಸಿಯೋ, ಎನ್‌ಐಒಎಸ್ಸೋ?

ಮಂಗಳೂರು, ಉಡುಪಿ ಕಡೆ ಮನೆಯಲ್ಲೇ ಕಲಿಸುವವರಿಗೆ ತಲೆಬಿಸಿ ಶುರುವಾಗುವುದು ಹತ್ತನೇ ಕ್ಲಾಸಿನ ಹೊತ್ತಿಗೆ: ರಾಜ್ಯದ ಎಸ್ಸೆಸ್ಸೆಲ್ಸಿ ಬರೆಸುವುದೋ, ರಾಷ್ಟ್ರೀಯ ಮುಕ್ತ ಶಾಲಾ ಮಂಡಳಿ, ಅಂದರೆ ಎನ್‌ಐಒಎಸ್‌ನ ಪರೀಕ್ಷೆಯೋ?

ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಿದರೆ ಪುಸ್ತಕ, ಟ್ಯೂಷನ್ ಎಲ್ಲ ಹತ್ತಿರದಲ್ಲೇ ಸಿಗುತ್ತವೆ. ಆದರೆ ಮೂರು ಭಾಷೆ ಸೇರಿ ಆರು ವಿಷಯ.

ಎನ್‌ಐಒಎಸ್‌ಗೆ 14 ತುಂಬಿರಬೇಕು. ಐದೇ ವಿಷಯ ಸಾಕು, ಒಂದೇ ಭಾಷೆಯಾದರೂ ನಡೆಯುತ್ತದೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಏಪ್ರಿಲ್‌ನಲ್ಲಿ ಚಿತ್ರಕಲೆ, ಗೃಹವಿಜ್ಞಾನ ಬರೆದು, ಗಣಿತವನ್ನು ಅಕ್ಟೋಬರಿಗೆ ಇಟ್ಟುಕೊಳ್ಳಬಹುದು. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಹಗಲೂ ರಾತ್ರಿ ಚೆಂಡೆ ಬಿಡದ ಹುಡುಗನಿಗೆ ಇದೇ ಸರಿ ಅಂತ ನನ್ನ ಲೆಕ್ಕ.

ಇನ್ನು, ಮಕ್ಕಳಿಗೆ ಜೊತೆ ಬೇಕಲ್ವಾ? ಮಂಗಳೂರಿನವರು ನಾಲ್ಕು ಮನೆ ಸೇರಿ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಹೋಗಬಹುದು. ಉಡುಪಿಯಲ್ಲಾದರೆ ಯಕ್ಷಗಾನ ಕ್ಲಾಸು. ಹೆಜ್ಜೆ ಕಲಿಯಲು ಮನೆಯಲ್ಲಿ ಒಬ್ಬರೇ ಕೂತರೆ ಆಗುವುದಿಲ್ಲ.