ಸಾಲಿಡಿಟಿ ಮತ್ತು ರಿವರ್ಸ್ ಪ್ರಾಕ್ಸಿ: ಐದು ಕಲಿಕೆಯ ದಾರಿಗಳನ್ನು ನಾನೇ ನಡೆದು ನೋಡಿದಾಗ

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರಿಗೆ ಬ್ಲಾಕ್‌ಚೈನ್ ಪ್ರೋಗ್ರಾಮಿಂಗ್ (ಎಥೀರಿಯಂ ಜಾಲದ ಸಾಲಿಡಿಟಿ ಭಾಷೆಯಲ್ಲಿ) ಮತ್ತು ರಿವರ್ಸ್ ಪ್ರಾಕ್ಸಿ (ಬಂದ ಕೋರಿಕೆಯನ್ನು ಮೊದಲು ತಾನು ಪಡೆದು ಹಿಂದಿನ ಸರ್ವರ್‌ಗೆ ದಾಟಿಸುವ ಸರ್ವರ್) ಕಲಿಸುವ ಹೊಣೆ ನನ್ನ ಪಾಲಿಗೆ ಬಂತು. ಅವರ ಕೈಗೆ ಕೊಡುವ ಮೊದಲು ಪ್ರತಿಯೊಂದು ಕಲಿಕೆಯ ದಾರಿಯನ್ನೂ ಮೊದಲ ಪಾಠದಿಂದ ನಾನೇ ಮಾಡಿ ನೋಡಿದೆ.

ಸಾಲಿಡಿಟಿ ಕಲಿಸುವ ಜಾಲತಾಣ ಕ್ರಿಪ್ಟೋಝೋಂಬೀಸ್ ಉಚಿತ. ಬ್ರೌಸರ್‌ನಲ್ಲೇ ಕೋಡ್ ಬರೆಸುತ್ತಾ ಒಂದು ಆಟವನ್ನು ಕಟ್ಟಿಸುತ್ತದೆ. ಎರಡು ಸಂಜೆಗಳಲ್ಲಿ ಸ್ಟ್ರಕ್ಟ್, ಮ್ಯಾಪಿಂಗ್, ಮಾಡಿಫೈಯರ್‌ಗಳಂಥ ಭಾಷೆಯ ಮೂಲ ಅಂಶಗಳು ಕೈಗೆ ರೂಢಿಯಾಗುತ್ತವೆ. ಆದರೆ ನಾನು ಮಾಡಿದ ಪಾಠಗಳು ಸಾಲಿಡಿಟಿ 0.5ರ ಕಾಲದವು. ಲೆಕ್ಕ ಮಿತಿ ಮೀರದಿರಲು ಸೇಫ್‌ಮ್ಯಾತ್ ಎಂಬ ಸಿದ್ಧ ಕೋಡ್ ಬಳಸಿ ಎನ್ನುತ್ತವೆ. 2020ರಲ್ಲಿ ಬಂದ 0.8ರಿಂದೀಚೆಗೆ ಆ ತಪಾಸಣೆ ಭಾಷೆಯೊಳಗೇ ಇದೆ.

ನನ್ನ ಮನಸ್ಸು ಗೆದ್ದದ್ದು ಓಪನ್‌ಝೆಪ್ಪೆಲಿನ್‌ನವರ ಎಥರ್‌ನಾಟ್. ಇಲ್ಲಿ ಪಾಠವಿಲ್ಲ, ದೋಷವಿರುವ ಕಾಂಟ್ರಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಒಂದನ್ನು ಕೊಟ್ಟು, ಮುರಿಯಿರಿ ಎನ್ನುತ್ತಾರೆ. ಪರೀಕ್ಷಾ ಜಾಲದ ಈಥರ್ (ಎಥೀರಿಯಂನ ನಾಣ್ಯ) ಹೊಂದಿಸಿಕೊಳ್ಳಲು ಒಂದು ಮಧ್ಯಾಹ್ನ ಹೋಯಿತು, ನಿಜ. ಆದರೆ ರೀಎಂಟ್ರನ್ಸಿ ಎಂಬ ದೋಷದ ಹಂತ ಅದಕ್ಕೆ ತಕ್ಕ ಪ್ರತಿಫಲ ಕೊಟ್ಟಿತು. ಸಹಕಾರಿ ಸಂಘದ ಕ್ಯಾಷಿಯರ್ ಮೊದಲು ಹಣ ಕೊಟ್ಟು, ಆಮೇಲೆ ಲೆಡ್ಜರ್‌ನಲ್ಲಿ ಕಳೆಯುತ್ತಾನೆ ಎಂದುಕೊಳ್ಳಿ. ಅವನು ಪೆನ್ನು ಎತ್ತುವ ಮೊದಲೇ ಇನ್ನೊಂದು ಚೀಟಿ ಮುಂದಿಟ್ಟರೆ ಹಳೆಯ ಬಾಕಿಯನ್ನೇ ನೋಡಿ ಮತ್ತೆ ಹಣ ಕೊಡುತ್ತಾನೆ. 2016ರಲ್ಲಿ 'ದಿ ಡಿಎಒ' ಎಂಬ ಎಥೀರಿಯಂ ಹೂಡಿಕೆ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಸೋರಿಹೋದದ್ದು ಇಂಥ ದೋಷದಿಂದಲೇ. ಇದನ್ನು ಓದಿ ತಿಳಿದಿದ್ದೆ. ನನ್ನದೇ ಹತ್ತು ಸಾಲಿನ ಕೋಡ್‌ನಿಂದ ಕಾಂಟ್ರಾಕ್ಟ್ ಬರಿದಾದಾಗ, ಕಳೆಯುವ ಸಾಲು ಕಳುಹಿಸುವ ಸಾಲಿಗಿಂತ ಮೊದಲು ಏಕಿರಬೇಕೆಂಬುದು ಮನಸ್ಸಿನಲ್ಲಿ ನಾಟಿತು.

ಸಾಲಿಡಿಟಿಯ ಅಧಿಕೃತ ದಸ್ತಾವೇಜನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಕಷ್ಟ. ಸಂಶಯ ಬಂದಾಗ ತೆರೆಯಲು ಅದಕ್ಕಿಂತ ನಂಬಿಕಸ್ಥ ಬೇರೊಂದಿಲ್ಲ. ಜುಲೈಯ ಮಳೆಗೆ ಕರೆಂಟೂ ಇಂಟರ್ನೆಟ್ಟೂ ಹೋದ ದಿನ ಬ್ರೌಸರ್ ಪಾಠಗಳು ನಿಂತವು. ಲ್ಯಾಪ್‌ಟಾಪ್‌ನಲ್ಲಿ ಉಳಿಸಿಕೊಂಡಿದ್ದ ಅದರ ಪಿಡಿಎಫ್ ಮತ್ತು ಫೌಂಡ್ರಿ ಎಂಬ ಸಾಲಿಡಿಟಿ ಉಪಕರಣಗಳ ಕಟ್ಟಿನ ಆನ್ವಿಲ್ (ಸ್ವಂತ ಕಂಪ್ಯೂಟರ್‌ನಲ್ಲೇ ಓಡುವ ಪರೀಕ್ಷಾ ಜಾಲ) ಬ್ಯಾಟರಿ ಮುಗಿಯುವವರೆಗೂ ಜೊತೆಗಿದ್ದವು. ಆನ್ವಿಲ್ ಹತ್ತು ಖಾತೆಗಳನ್ನು ಈಥರ್ ತುಂಬಿಯೇ ಕೊಡುತ್ತದೆ.

ರಿವರ್ಸ್ ಪ್ರಾಕ್ಸಿಗೆ ಎಂಜಿನ್‌ಎಕ್ಸ್ ಮತ್ತು ಕ್ಯಾಡಿ, ಎರಡರ ಅಧಿಕೃತ ಪಾಠಗಳನ್ನೂ ಹಿಡಿದೆ. ಕ್ಯಾಡಿಯಲ್ಲಿ ಸೈಟಿನ ಹೆಸರು, ಹಿಂದಿನ ಸರ್ವರ್‌ನ ವಿಳಾಸ, ಇಷ್ಟು ಬರೆದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಅದೇ ತರಿಸಿಕೊಂಡು ನವೀಕರಿಸುತ್ತದೆ. ವೆಬ್‌ಸಾಕೆಟ್ (ಎರಡೂ ಕಡೆಯಿಂದ ಸುದ್ದಿ ಹರಿಯಲು ತೆರೆದೇ ಇರುವ ಸಂಪರ್ಕ) ಕೂಡ ತಾನಾಗಿ ದಾಟುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಅದಕ್ಕೆ ಬೇಕಾದ ಅಪ್‌ಗ್ರೇಡ್ ಹೆಡರ್ ಅನ್ನು ನಾವೇ ಬರೆದು ದಾಟಿಸಬೇಕು. ಎಂಜಿನ್‌ಎಕ್ಸ್‌ನ ಆರಂಭಿಕರ ಕೈಪಿಡಿ ಚೊಕ್ಕವಾಗಿದ್ದರೂ, ನನ್ನ ಒಂದು ಸಂಜೆಯನ್ನು ತಿಂದ ಸಂಗತಿ ಪ್ರಾಕ್ಸಿ ಮಾಡ್ಯೂಲ್‌ನ ಪುಟದಲ್ಲಿತ್ತು. ಲೊಕೇಶನ್ (ಯಾವ ಹಾದಿಯ ಕೋರಿಕೆ ಎಂದು ಹೇಳುವ ಸಾಲು) '/ಎಪಿಐ/' ಆಗಿದ್ದು, ಪ್ರಾಕ್ಸಿ ಪಾಸ್‌ನ (ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ಹೇಳುವ ಸಾಲು) ವಿಳಾಸ ಪೋರ್ಟ್ ಸಂಖ್ಯೆಗೇ ಮುಗಿದರೆ ಹಾದಿ ಇದ್ದಂತೆಯೇ ಹಿಂದಕ್ಕೆ ಹೋಗುತ್ತದೆ. ಕೊನೆಗೆ ಒಂದು ಸ್ಲ್ಯಾಶ್ ಸೇರಿಸಿದರೆ '/ಎಪಿಐ/' ಭಾಗ ಕಳಚಿ ಉಳಿದದ್ದು ಮಾತ್ರ ತಲುಪುತ್ತದೆ. ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುವವರೆಗೂ 404 ಏಕೆ ಬರುತ್ತಿದೆ ಎಂದು ತಿಳಿದಿರಲಿಲ್ಲ.

ನಮ್ಮ ಪರೀಕ್ಷಾ ಸರ್ವರ್‌ಗೆ ಕ್ಯಾಡಿಯನ್ನೇ ಹಾಕಿದ್ದೇನೆ. ಆದರೂ ಆ ಇಬ್ಬರಿಗೆ ಮೊದಲು ಕೊಟ್ಟದ್ದು ಎಂಜಿನ್‌ಎಕ್ಸ್ ಮತ್ತು ಎಥರ್‌ನಾಟ್. ಆನ್ವಿಲ್‌ನ 8545ನೇ ಪೋರ್ಟ್‌ನ ಮುಂದೆ ಎಂಜಿನ್‌ಎಕ್ಸ್ ನಿಲ್ಲಿಸಿ, ವೆಬ್‌ಸಾಕೆಟ್ ಮೂಲಕ ಹೊಸ ಬ್ಲಾಕ್‌ಗಳ ಸುದ್ದಿ ಬರುವಂತೆ ಮಾಡಿ ಎಂದಿದ್ದೇನೆ. ಅಪ್‌ಗ್ರೇಡ್ ಹೆಡರ್‌ನ ವಿಷಯವನ್ನು ಹೇಳಿಲ್ಲ.